ಹೊರಗೆ ಚಿಲಕವಿದ್ದ ಬಾಗಿಲು

ಸಂಜೆ ಶಾಲೆ ಬಿಟ್ಟ ಮೇಲೆ ಕಸ ಗುಡಿಸಿ, ಕಿಟಕಿಗಳನ್ನು ಮುಚ್ಚಿ, ನಮ್ಮ ಅಕ್ಕ ಬಾಗಿಲಲ್ಲಿ ನಿಂತು ಖಾಲಿ ಕೋಣೆಯ ಕಡೆಗೆ ಮುಖ ಮಾಡಿ ಕೂಗುತ್ತಿದ್ದಳು. "ಒಳಗೆ ಯಾರಿದ್ದೀರಮ್ಮಾ? ಬಾಗಿಲು ಹಾಕ್ತಿದೀನಿ." ಕೂಗಿದ ಮೇಲೆ ಒಂದು ಬಿಂದಿಗೆ ತುಂಬುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಆಮೇಲೆ ಚಿಲಕ ಬಿದ್ದ ಸದ್ದು ಕೇಳುತ್ತಿತ್ತು.

ಬಿಂದಿಗೆಯ ಮಾತು ಯಾಕೆ ಬಂತೆಂದರೆ, ನಾನು ಅದನ್ನು ಮೊದಲು ಕೇಳಿಸಿಕೊಂಡದ್ದು ನೀರು ಸೇದುತ್ತಿದ್ದಾಗ. ನಮ್ಮ ಹಿತ್ತಿಲು ದಾಟಿದರೆ ಒಂದು ಬಯಲು, ಬಯಲಿನಾಚೆ ಶಾಲೆ. ನಾನಾಗ ಹೊಸದಾಗಿ ಮದುವೆಯಾಗಿ ಬಂದವಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ, ಭಾವನ ಹೆಂಡತಿ. ಶಾಲೆ ಗುಡಿಸಿ ಬಾಗಿಲು ಹಾಕುವುದು ಅವಳ ಕೆಲಸ.

ರಾತ್ರಿ ಊಟಕ್ಕೆ ಬಡಿಸುವಾಗ ನನ್ನ ಗಂಡನಿಗೆ ಹೇಳಿದೆ, "ಅಕ್ಕ ಗೋಡೆ ಜೊತೆ ಮಾತಾಡ್ತಾರೆ ಕಣ್ರೀ, ನಾನೇ ಕೇಳಿಸಿಕೊಂಡೆ."

ಅವರು ನಗುತ್ತಾರೆ ಅಂದುಕೊಂಡಿದ್ದೆ. ತಟ್ಟೆಯಿಂದ ತಲೆಯೆತ್ತದೆ, "ಆ ವಿಷಯ ಈ ಮನೇಲಿ ಎತ್ತಬೇಡ" ಅಂದರು.

ಎತ್ತಬೇಡ ಎಂದದ್ದನ್ನು ಎತ್ತದೆಯೇ ತಿಳಿದುಕೊಳ್ಳಬೇಕಾದರೆ ಇರುವ ದಾರಿ ಒಂದೇ. ಕೈಯಲ್ಲಿ ಏನಾದರೂ ಕೆಲಸ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು ಕೂರುವುದು. ಕಾಳು ಆರಿಸುವ ಹೆಂಗಸಿಗೂ ಕಿವಿ ಇರುತ್ತದೆ ಎನ್ನುವುದು ಮಾತಾಡುವವರಿಗೆ ಬೇಗ ಮರೆತುಹೋಗುತ್ತದೆ. ಇಲ್ಲಿ ಬರೆದಿರುವುದೆಲ್ಲ ನನಗೆ ಹಾಗೆ ಚೂರುಚೂರಾಗಿ, ವರ್ಷಗಟ್ಟಲೆ ಕಾದ ಮೇಲೆ ಸಿಕ್ಕಿದ್ದು.

ಆ ಶಾಲೆಯನ್ನು ಕಟ್ಟಿದ್ದು ಊರಿನವರೇ. ಅದಕ್ಕೆ ಮುಂಚೆ ಮಕ್ಕಳು ಹೊಳೆ ದಾಟಿ ಪಕ್ಕದ ಊರಿಗೆ ಹೋಗಬೇಕಿತ್ತು. ಹೊಳೆ ತುಂಬಿದರೆ ವಿದ್ಯೆ ಆಚೆ ದಡದಲ್ಲಿ, ಮಕ್ಕಳು ಈಚೆ ದಡದಲ್ಲಿ. ಕೊನೆಗೆ ಊರಿನ ಹಿರಿಯರು ಸೇರಿ, ದುಡ್ಡಿಲ್ಲದಿದ್ದರೆ ಬೇಡ, ಒಂದೊಂದು ಮನೆಯಿಂದ ಒಂದೊಂದು ವಸ್ತು ಬರಲಿ ಎಂದರು. ಒಬ್ಬರ ಬಿದ್ದ ಗೋಡೆಯ ಕಲ್ಲು ಬಂತು, ಇನ್ನೊಬ್ಬರ ಕೊಟ್ಟಿಗೆಯ ತೊಲೆ ಬಂತು. ಕಮ್ಮಾರನ ಮನೆಯವರು ಕಿಟಕಿಗೆಂದು ಅಡುಗೆಮನೆಯ ಹೊಗೆಕಿಂಡಿಯನ್ನೇ ಕಿತ್ತುಕೊಟ್ಟರು. ಅಂಗಡಿಯವರು ಕೊಟ್ಟ ಕಿಟಕಿ ಅದರ ಮೂರರಷ್ಟಿತ್ತು. ಕಟ್ಟಿ ಮುಗಿಸಿದಾಗ ಶಾಲೆ, ಊರೆಲ್ಲ ತಿರುಗಿ ಎರವಲು ಬಟ್ಟೆ ತಂದು ಹಾಕಿಕೊಂಡ ಮದುಮಗನ ಹಾಗಿತ್ತು ಎಂದು ನಮ್ಮ ಮಾವ ನಗುತ್ತಿದ್ದರು.

ಮಾವ ಕೊಟ್ಟದ್ದು ಬಾಗಿಲು. ನಮ್ಮ ಮನೆಯ ಕಾಳಿನ ಕೋಣೆಯ ಬಾಗಿಲು. ಇಲಿ ಕೊರೆಯದಂಥ ದಪ್ಪ ಹಲಗೆ, ಕುಳ್ಳಗಿನ ಚೌಕಟ್ಟು. ಮೊದಲು ಬಂದ ಮೇಷ್ಟ್ರು ಉದ್ದನೆಯ ಆಳು, ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದರು. ಮಾವ ಸಮಾಧಾನ ಹೇಳುತ್ತಿದ್ದರಂತೆ: "ವಿದ್ಯೆ ಹತ್ರ ತಲೆ ಬಗ್ಗಿಸಿ ಹೋಗ್ಬೇಕು ಅಂತಾರಲ್ಲ ಮೇಷ್ಟ್ರೇ, ಅದಕ್ಕೇ ಹುಡುಕಿ ಇಂಥ ಬಾಗಿಲು ಕೊಟ್ಟಿದ್ದು."

ಮನೆಯ ಬಾಗಿಲನ್ನು ಒಳಗಿದ್ದವರು ಹಾಕಿಕೊಳ್ಳುತ್ತಾರೆ. ಕಾಳಿನ ಕೋಣೆಯ ಬಾಗಿಲನ್ನು ಹೊರಗಿದ್ದವರು ಹಾಕುತ್ತಾರೆ. ಹಾಗಾಗಿ ಅದರ ಚಿಲಕ ಇದ್ದದ್ದು ಹೊರಗೆ. ಇಲಿಯ ಆಸೆಗೆ ಬೆಕ್ಕು ಒಳಗೆ ನುಗ್ಗಿ ಮೂಟೆಗಳ ನಡುವೆ ಮಲಗಿಬಿಡುತ್ತದೆ. ನೋಡದೆ ಚಿಲಕ ಹಾಕಿದರೆ ಅಲ್ಲೇ ಸಾಯುತ್ತದೆ. ಅದಕ್ಕೆ ನಮ್ಮ ಅತ್ತೆ ಆ ಕೋಣೆಗೆ ಒಂದು ನಿಯಮ ಮಾಡಿದ್ದರು. ಚಿಲಕ ಹಾಕುವ ಮುಂಚೆ ಬಾಗಿಲು ತಟ್ಟಿ ಒಮ್ಮೆ ಕೂಗಬೇಕು. ಸೊಸೆ ಮರೆತರೆ ಒಲೆಯ ಮುಂದಿನಿಂದಲೇ, "ಕೂಗಿದ್ಯೇನೇ? ಕೂಗಿದರೆ ಗಂಟಲೇನೂ ಸವೆಯಲ್ಲ" ಎನ್ನುತ್ತಿದ್ದರು.

ಬಾಗಿಲು ಶಾಲೆಗೆ ಹೋಯಿತು. ನಿಯಮ ಮನೆಯಲ್ಲೇ ಉಳಿಯಿತು. ಶಾಲೆಯಲ್ಲಿ ಕಾಳೂ ಇಲ್ಲ, ಬೆಕ್ಕೂ ಇಲ್ಲ. ಕೂಗಬೇಕು ಎಂದು ಯಾರಿಗೆ ಹೊಳೆಯಬೇಕು?

ಊರಿನಲ್ಲಿ ಒಬ್ಬ ಗಾಡಿಯವನಿದ್ದ, ಬಾಡಿಗೆಗೆ ಸಾಮಾನು ಸಾಗಿಸುತ್ತಿದ್ದವನು. ಅವನು ತನ್ನ ಗಾಡಿಯ ಒಂದು ಪಕ್ಕದ ಹಲಗೆಯನ್ನೇ ಬಿಚ್ಚಿ ಶಾಲೆಗೆ ಕೊಟ್ಟ. ಇದ್ದಿಲು ಅರೆದು ಬಳಿದು ಅದನ್ನೇ ಕರಿಹಲಗೆ ಮಾಡಿ, ಕಾಲು ಕಟ್ಟಿ, ಗೋಡೆಗೆ ಓರೆಯಾಗಿ ಒರಗಿಸಿದರು. ಹಿಂದೆ ಒಂದು ಸಂದು ಉಳಿಯಿತು, ಒಂದು ಮಗು ಮುದುಡಿಕೊಳ್ಳುವಷ್ಟು.

ಗಾಡಿಯವನಿಗೆ ಹೆಂಡತಿ ಇರಲಿಲ್ಲ, ಒಬ್ಬಳೇ ಮಗಳು. ಅವನ ತಂಗಿಯ ಮನೆಯಲ್ಲಿ ಬೆಳೆಯುತ್ತಿದ್ದಳು. ನಿದ್ದೆಬುರುಕಿ. ಮಧ್ಯಾಹ್ನವಾದರೆ ಆ ಹಲಗೆಯ ಹಿಂದೆ ಸೇರಿಕೊಳ್ಳುತ್ತಿದ್ದಳು. ಮೇಷ್ಟ್ರು ಕೇಳಿದರೆ, "ನಮ್ಮಪ್ಪನ ಗಾಡಿ ಹತ್ತಿದೀನಿ ಸಾ" ಎನ್ನುತ್ತಿದ್ದಳಂತೆ. ಮೇಷ್ಟ್ರಿಗೂ ಮಕ್ಕಳಿದ್ದರು, ಮಲಗಲಿ ಬಿಡು ಎನ್ನುತ್ತಿದ್ದರು. ಸಂಜೆ ಗುಡಿಸಲು ಬಂದ ಅಕ್ಕ ಹಲಗೆಯನ್ನು ಬೆರಳಿನಿಂದ ತಟ್ಟಿ, "ಏಳೇ ಗಾಡೀ, ಊರು ಬಂತು" ಎಂದು ಎಬ್ಬಿಸಿ, ಕಣ್ಣು ತಿಕ್ಕಿಕೊಳ್ಳುವವಳನ್ನು ಕೈಹಿಡಿದು ಹೊಸ್ತಿಲು ದಾಟಿಸಿ ಕಳಿಸುತ್ತಿದ್ದಳು.

ದೊಡ್ಡ ರಜೆ ಶುರುವಾಗುವ ಹಿಂದಿನ ಸಂಜೆ ಅಕ್ಕನ ಹಸುಗೂಸಿಗೆ ಮೈ ಸುಡುವ ಜ್ವರ. ಅವಳು ಓಡಿಬಂದು, ಗುಡಿಸಿದ ಶಾಸ್ತ್ರ ಮಾಡಿ, ಕಿಟಕಿ ಮುಚ್ಚಿ, ಚಿಲಕ ಹಾಕಿ ಓಡಿಹೋದಳು. ಹಲಗೆ ತಟ್ಟಲಿಲ್ಲ. ಅದೇ ಸಂಜೆ ಗಾಡಿಯವನು ದೂರದ ಊರಿಗೆ ಸಾಮಾನು ಹೇರಿಕೊಂಡು ಹೊರಟಿದ್ದ. ತಾನೂ ಬರುತ್ತೇನೆಂದು ಮಗಳು ಬೆಳಗಿನಿಂದ ಹಟ ಮಾಡಿದ್ದಳು. ಅಪ್ಪ ಕರೆದುಕೊಂಡು ಹೋದ ಎಂದು ಮಗುವಿನ ಸೋದರತ್ತೆ ತಿಳಿದಳು. ಸೋದರತ್ತೆಯ ಹತ್ತಿರ ಇದ್ದಾಳೆ ಎಂದು ಅಪ್ಪ ತಿಳಿದ. ಅವು ಗಾಳಿಯ ದಿನಗಳು, ಹಗಲೂ ರಾತ್ರಿಯೂ ಒಂದೇ ಸಮನೆ ಬೀಸುವ ಗಾಳಿ.

ದಿನಗಳು ಕಳೆದ ಮೇಲೆ ಗಾಡಿಯವನು ತಿರುಗಿ ಬಂದು, ತಂಗಿಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, "ಎಲ್ಲೇ ನಮ್ಮ ಮಗು?" ಎಂದ.

"ನಿನ್ನ ಜೊತೆ ಬಂದಿದ್ಲಲ್ಲಣ್ಣಾ?"

ಅವನು ನೇರ ಶಾಲೆಗೆ ಓಡಿ ಚಿಲಕ ತೆಗೆದ. ಅದರ ಮುಂದಿನದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಗಿಲ ಒಳಮೈಯಲ್ಲಿ, ಮಗುವಿನ ಕೈಗೆ ಎಟಕುವಷ್ಟು ಎತ್ತರದಲ್ಲಿ, ಸೀಮೆಸುಣ್ಣದ ಪುಟ್ಟ ಅಂಗೈ ಗುರುತುಗಳಿದ್ದವು ಎಂಬುದು ಮಾತ್ರ ನನಗೆ ಗೊತ್ತು. ನಾನು ಬರುವ ಹೊತ್ತಿಗೂ ಇದ್ದವು, ಮಸುಕಾಗಿ. ಅಕ್ಕ ಇಡೀ ಶಾಲೆ ಒರೆಸುತ್ತಿದ್ದಳು, ಅಷ್ಟು ಜಾಗ ಬಿಟ್ಟು.

ಅವಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿಸುತ್ತಿದ್ದಳೇನೋ. ಗಾಡಿಯವನು ಊರು ಬಿಡುವ ದಿನ ನಮ್ಮ ಬಾಗಿಲಿಗೆ ಬಂದು, ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಒಂದೇ ಮಾತು ಅಂದನಂತೆ: "ಒಂದ್ಸಲ ಕೂಗಬಾರದಿತ್ತಾ ತಾಯಿ?"

ಮಾವ ಒಳಗಿನಿಂದ ಬಂದು, "ನಿನ್ನ ಹಲಗೆ ಬೇಕಾದ್ರೆ ತಗೊಂಡು ಹೋಗಪ್ಪಾ" ಅಂದರು.

"ಇರ್ಲಿ ಬಿಡಿ. ಮಕ್ಕಳು ಬರೀಲಿ" ಎಂದು ಅವನು ಗಾಡಿ ಹೊಡೆದುಕೊಂಡು ಹೋದ. ಮತ್ತೆ ಈ ಕಡೆಗೆ ಬರಲಿಲ್ಲ.

ಶಾಲೆಯ ಕೆಲಸ ಬಿಡು ಎಂದು ಎಲ್ಲರೂ ಅಕ್ಕನಿಗೆ ಹೇಳಿದರು. ಅವಳು ಬಿಡಲಿಲ್ಲ. "ನಾನು ಬಿಟ್ರೆ ಬೇರೆ ಯಾರೋ ಬರ್ತಾರೆ. ಕೂಗದೇನೇ ಹಾಕ್ಕೊಂಡು ಹೋಗ್ತಾರೆ" ಅಂದಳು. ಅವತ್ತಿನಿಂದ ಕೂಗಲು ಶುರು ಮಾಡಿದವಳು ಒಂದು ಸಂಜೆಯೂ ತಪ್ಪಿಸಲಿಲ್ಲ. ರಜೆಯಲ್ಲೂ ಹೋಗಿ ಚಿಲಕ ತೆಗೆದು, ಕೂಗಿ, ಕಾದು, ಮತ್ತೆ ಹಾಕಿ ಬರುತ್ತಿದ್ದಳು. ಆ ವರ್ಷಗಳಲ್ಲಿ ಹಗಲು ಹೊತ್ತು ಅವಳು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ನಿದ್ದೆ ಬಂದರೆ ಎದ್ದು ಹೋಗಿ ಮುಖ ತೊಳೆದುಕೊಳ್ಳುತ್ತಿದ್ದಳು.

ಊರಿಗೂ ಅದು ಬಿಟ್ಟಿರಲಿಲ್ಲ. ಬಟ್ಟೆ ಒಗೆಯುವಾಗ, ಯಾರದೋ ಮನೆಯಲ್ಲಿ ಕೂಸಿಗೆ ಎಣ್ಣೆ ಹಚ್ಚುವಾಗ, ಗಾಳಿ ಎದ್ದರೆ ಸಾಕು, ಮಾತು ನಿಲ್ಲುತ್ತಿತ್ತು. ಒಬ್ಬೊಬ್ಬರೂ ಒಂದೊಂದು ಸಲ, ನಾನು ಕೇಳದೆಯೇ, ನನ್ನ ಹತ್ತಿರ ಹೇಳಿದ್ದಾರೆ: "ನನಗೆ ಏನೋ ಕೇಳಿಸಿತ್ತಮ್ಮಾ. ಗಾಳಿ ಅಂದ್ಕೊಂಡೆ." ಎಲ್ಲರಿಗೂ ಕೇಳಿಸಿತ್ತು. ಎಲ್ಲರೂ ಗಾಳಿ ಅಂದುಕೊಂಡಿದ್ದರು. ನಮ್ಮ ಅತ್ತೆ ಹಾಸಿಗೆ ಹಿಡಿದ ಕಾಲಕ್ಕೆ ಒಂದು ಮಧ್ಯಾಹ್ನ ನನ್ನ ಮಣಿಕಟ್ಟು ಹಿಡಿದು ಹೇಳಿದರು: "ಬೆಕ್ಕು ಅಂದ್ಕೊಂಡೆ ಕಣೇ. ಯಾರದೋ ಮನೆ ಬೆಕ್ಕು ಸಿಕ್ಕಿಹಾಕ್ಕೊಂಡಿದೆ, ಅವರೇ ನೋಡ್ಕೋತಾರೆ ಅಂದ್ಕೊಂಡೆ." ನಾನು ಅವರ ಕೈಯನ್ನು ಹೊದಿಕೆಯೊಳಗೆ ಇಟ್ಟೆ. ಅಕ್ಕನಿಗೆ ಹೇಳಲಿಲ್ಲ. ಹೊರುವವಳಿಗೆ ಇನ್ನೊಂದು ಹೊರೆ ಏಕೆ?

ಆಮೇಲಿನ ಮಕ್ಕಳಿಗೆ ಇದೊಂದೂ ಗೊತ್ತಿರಲಿಲ್ಲ. ಅವರು ಅಕ್ಕನಿಗೆ ಕೂಗಜ್ಜಿ ಎಂದು ಹೆಸರಿಟ್ಟರು. ಅಂಗಡಿಯವರ ಮಗಳು ಒಬ್ಬಳಿದ್ದಳು, ಬಾಲವೊಂದಿಲ್ಲ, ಉಳಿದದ್ದೆಲ್ಲ ಕೋತಿಯೇ. ಅವಳು ಒಂದು ಸಂಜೆ ಹಲಗೆಯ ಹಿಂದೆ ಅಡಗಿ ಕೂತು, ಅಕ್ಕ ಕೂಗಿದ ಕೂಡಲೇ ಸಣ್ಣ ಸ್ವರ ಮಾಡಿ, "ಇದ್ದೀನೀ..." ಅಂದಳು. ಹೊರಗೆ ಅವಳ ಗೆಳತಿಯರು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.

ಅಕ್ಕ ಹೆದರಿ ಓಡುತ್ತಾಳೆ ಎಂದು ಅವರ ಲೆಕ್ಕ. ಅಕ್ಕ ಹೊಸ್ತಿಲ ಮೇಲೆ ಕುಸಿದು ಕೂತಳು. ಕೂತು, ಎರಡೂ ಕೈ ಚಾಚಿ, "ಬಾ ಮಗಾ. ಹೊಟ್ಟೆ ಹಸೀತಾ? ಬಾಯಾರಿಕೆ ಆಯ್ತಾ?" ಅಂದಳು. ಆ ಸ್ವರ ಕೇಳಿ ಅಂಗಡಿಯವರ ಮಗಳು ಗಟ್ಟಿಯಾಗಿ ಅಳುತ್ತ ಹೊರಗೆ ಬಂದಳು. ಬಂದದ್ದು ಯಾರೆಂದು ಕಂಡ ಮೇಲೂ ಅಕ್ಕ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಅವಳ ತಲೆ ನೇವರಿಸಿ ನೀರು ಕುಡಿಸಿ ಕಳಿಸಿದಳು. ಮತ್ತೆ ಯಾವ ಮಗುವೂ ಆ ಆಟ ಆಡಲಿಲ್ಲ.

ಹೀಗೇ ನಡೆದುಹೋಗುತ್ತಿತ್ತು, ಅಕ್ಕನ ಕಿವಿ ಸರಿಯಾಗಿದ್ದಿದ್ದರೆ.

ವಯಸ್ಸಾದ ಹಾಗೆ ಅವಳ ಕಿವಿ ಮಂದವಾಯಿತು. ಮೊದಮೊದಲು ನಮಗೆ ತಮಾಷೆ. ಉಪ್ಪು ಕೇಳಿದರೆ ಸೊಪ್ಪು ತರುತ್ತಿದ್ದಳು. "ಅಕ್ಕಾ, ನಿಮ್ಮನ್ನ ಕೂಗಿ ಕೂಗಿ ಈಗ ನಾನೇ ಕೂಗಜ್ಜಿ" ಎಂದು ನಾನೂ ನಗುತ್ತಿದ್ದೆ. ಒಂದು ಸಂಜೆ ಹಿತ್ತಿಲಲ್ಲಿದ್ದಾಗ ಅವಳ ಕೂಗು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಮತ್ತೊಮ್ಮೆ. ಚಿಲಕದ ಸದ್ದು ಬರಲಿಲ್ಲ. ಬಿಂದಿಗೆ ಅಲ್ಲೇ ಇಟ್ಟು ಬಯಲು ದಾಟಿ ಹೋದೆ. ಅಕ್ಕ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು.

"ಏನಾಯ್ತಕ್ಕಾ?"

"ಯಾರೂ ಓಗೊಡಲಿಲ್ಲ ಅಂತ ನಾನು ಹೇಗೆ ಹೇಳ್ಲಿ? ನನಗೇ ಕೇಳಿಸದೆ ಇದ್ರೆ?" ಎಂದಳು. "ನಿನ್ನ ಕಿವಿ ಚುರುಕು. ನೀನು ಕೇಳಿ ಹೇಳು ತಾಯಿ. ನೀನು ಇಲ್ಲ ಅಂದ್ರೆ ಹಾಕ್ತೀನಿ."

ಅಂದಿನಿಂದ ಅವಳು ಕೂಗುವುದು, ನಾನು ಕೇಳುವುದು. ನಾನು "ಯಾರೂ ಇಲ್ಲಕ್ಕಾ" ಎಂದು ತಲೆ ಅಲ್ಲಾಡಿಸಿದ ಮೇಲೆ ಚಿಲಕ ಬೀಳುವುದು.

ಕೇಳುವುದು ಸುಲಭ ಎಂದುಕೊಂಡಿದ್ದೆ. ಆದರೆ ಇಷ್ಟು ಕಷ್ಟದ ಕೆಲಸ ನಾನು ಮಾಡಿಲ್ಲ. ಬಿಸಿಲಿಗೆ ಕಾದ ಹೆಂಚು ತಣಿಯುತ್ತ ಟಿಕ್ಕೆನ್ನುತ್ತಿತ್ತು. ಹಲ್ಲಿ ಲೊಚಗುಡುತ್ತಿತ್ತು. ಗಾಡಿಯ ಹಲಗೆಯೊಳಗೆ ಗೆದ್ದಲು ಮೆಲ್ಲಗೆ ಕರಕರ ಎನ್ನುತ್ತಿತ್ತು. ಇವನ್ನೆಲ್ಲ ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟ ಮೇಲೆ ಉಳಿಯುತ್ತಿದ್ದದ್ದು ಮೌನ. ಆ ಮೌನವೇ ನನ್ನನ್ನು ಕಾಡತೊಡಗಿತು. ಖಾಲಿ ಮನೆಯ ಮೌನ ಬೇರೆ, ಮಗು ಮಲಗಿರುವ ಮನೆಯ ಮೌನ ಬೇರೆ. ಮಕ್ಕಳನ್ನು ಸಾಕಿದ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊರಗಿನಿಂದ ಬಂದು ಕಾಲಿಡುತ್ತಲೇ ಗೊತ್ತಾಗುತ್ತದೆ, ಚಪ್ಪಲಿ ಸದ್ದಾಗದ ಹಾಗೆ ಬಿಡುತ್ತೇವೆ. ಶಾಲೆಯ ಆ ಕೋಣೆಯಲ್ಲಿದ್ದದ್ದು ಎರಡನೆಯ ಮೌನ. ಅಕ್ಕ ನನ್ನನ್ನು ಕೇಳುತ್ತಿದ್ದದ್ದು ಯಾರಾದರೂ ಓಗೊಟ್ಟರೇ ಎಂದು. ಯಾರೂ ಓಗೊಟ್ಟಿರಲಿಲ್ಲ. ಹಾಗಾಗಿ ನಾನು ಇಲ್ಲ ಎನ್ನುತ್ತಿದ್ದೆ. ಅನ್ನುವಾಗ ನನಗೇ ಗೊತ್ತಿಲ್ಲದೆ ಸ್ವರ ತಗ್ಗಿಸುತ್ತಿದ್ದೆ.

ಅಷ್ಟರಲ್ಲಿ ಊರಾಚೆ ಹೊಸ ಶಾಲೆ ಎದ್ದಿತು, ಸಿಮೆಂಟಿನದು. ಹಳೆಯದರ ಗೋಡೆ ಉಬ್ಬಿದೆ, ಯಾವತ್ತು ಬೇಕಾದರೂ ಬೀಳಬಹುದು, ಕೆಡವಿಬಿಡಿ ಎಂದು ಮೇಲಿನವರು ಹೇಳಿದರು. ಕೊಟ್ಟ ಮನೆಯವರು ತಮ್ಮ ತಮ್ಮ ವಸ್ತು ಕಿತ್ತುಕೊಂಡು ಹೋಗಲಿ ಎಂದಾಯಿತು. ಅದನ್ನು ಹೇಳಲು ನಮ್ಮ ಮನೆಗೆ ಬಂದವಳು ಟೀಚರಮ್ಮ. ಅದೇ ಅಂಗಡಿಯವರ ಮಗಳು, ಓದಿ ಅದೇ ಶಾಲೆಗೆ ಟೀಚರಾಗಿದ್ದಳು.

ಅಕ್ಕನ ಎದುರು ಕೂತು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು: "ಅಜ್ಜೀ, ನಾಳೆ ಕೆಡವ್ತಾರೆ. ಇವತ್ತಿಗೆ ಕೊನೆ. ಇನ್ಮೇಲೆ ಬಾಗಿಲು ಹಾಕೋ ಕೆಲಸ ಇಲ್ಲ ನಿಮಗೆ."

ಅಕ್ಕ ಅವಳ ಕೈ ಹಿಡಿದುಕೊಂಡಳು. "ಅವಳು ಒಳಗಿದ್ರೆ?" ಎಂದಳು.

ಟೀಚರಮ್ಮ ನನ್ನ ಕಡೆ ತಿರುಗಿದಳು. ಇಷ್ಟು ವರ್ಷ ಅಕ್ಕ ಯಾರನ್ನು ಕರೆಯುತ್ತಿದ್ದಾಳೆ ಎಂದು ನಮಗೆ ಗೊತ್ತಿತ್ತು. ಅವಳ ಬಾಯಿಂದ ಕೇಳಿದ್ದು ಅದೇ ಮೊದಲು.

"ಗೋಡೆ ಮೇಲೆ ಬಿದ್ರೆ ಏನು ಗತಿ?" ಅಂದಳು ಅಕ್ಕ. "ಬಾಗಿಲು ಹೋದ್ಮೇಲೆ ಹೊರಗೆ ಬರೋಕೆ ದಾರಿ ಯಾವುದು? ಓಗೊಡೋವರೆಗೂ ನಾನು ಎದ್ದು ಬರಲ್ಲ. ಕೆಡವೋದಾದ್ರೆ ನನ್ನನ್ನೂ ಸೇರಿಸಿ ಕೆಡವಲಿ."

ಹುಚ್ಚು ಮಾತು ಎಂದು ನನ್ನ ಮಗ ಬೈದ. ಹುಚ್ಚೋ ಸರಿಯೋ, ಅಕ್ಕ ಹೇಳಿದ್ದನ್ನು ಮಾಡುವವಳು. ಅವತ್ತು ಸಂಜೆ ಅವಳು ಮುಂದೆ, ಹಿಂದೆ ನಾನು, ನಮ್ಮ ಹಿಂದೆ ಟೀಚರಮ್ಮ. ಬೆಂಚು, ಮೇಜು ಎಲ್ಲ ಹೊಸ ಶಾಲೆಗೆ ಹೋಗಿದ್ದವು. ಗಾಡಿಯ ಹಲಗೆ ಒಂದೇ ಗೋಡೆಗೆ ಒರಗಿತ್ತು. ಅಕ್ಕ ಹೊಸ್ತಿಲಲ್ಲಿ ನಿಂತು ಕೂಗಿದಳು. ಖಾಲಿ ಕೋಣೆಗೆ ಅವಳ ಮುದಿ ಸ್ವರ ತುಂಬಿ, ನಿಧಾನವಾಗಿ ಇಳಿಯಿತು.

"ಏನಾದ್ರೂ ಕೇಳಿಸ್ತಾ?"

ನಾನು ಕೇಳಿದೆ. ಹೆಂಚು, ಹಲ್ಲಿ, ಗೆದ್ದಲು. ಅವನ್ನು ದಾಟಿದರೆ ಅದೇ ಮೌನ. ಯಾರೂ ಓಗೊಡಲಿಲ್ಲ. ಓಗೊಡುವುದೂ ಇಲ್ಲ ಎಂದು ಆಗ ನನಗೆ ತಿಳಿಯಿತು. ಅಷ್ಟು ವರ್ಷ ಆ ಹೊಸ್ತಿಲಲ್ಲಿ ನಿಂತೂ ನನ್ನ ದಡ್ಡ ತಲೆಗೆ ಅದು ಹೊಳೆದಿರಲಿಲ್ಲ.

ಅಕ್ಕನ ಕಿವಿಗೆ ಬಾಯಿಟ್ಟು, "ನಿದ್ದೆ ಮಾಡ್ತಿದಾಳಕ್ಕಾ" ಎಂದೆ. "ಕೂಗಿದ್ರೆ ಏಳಲ್ಲ. ನೀವು ಹೇಗೆ ಎಬ್ಬಿಸ್ತಿದ್ರೋ ಹಾಗೆ ಎಬ್ಬಿಸಿ."

ಅಕ್ಕ ನನ್ನ ಮುಖವನ್ನು ನೋಡಿದ ರೀತಿಯನ್ನು ನಾನು ಮರೆಯಲಾರೆ. ಅವಳು ಸೆರಗು ಸಿಕ್ಕಿಸಿಕೊಂಡಳು. ತಗ್ಗು ಚೌಕಟ್ಟಿಗೆ ತಲೆ ಬಗ್ಗಿಸಿ ಒಳಗೆ ಹೋದಳು. ಹಲಗೆಯ ಹತ್ತಿರ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಅದನ್ನು ತಟ್ಟಿದಳು.

"ಏಳೇ ಗಾಡೀ, ಊರು ಬಂತು."

ಟೀಚರಮ್ಮ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅಕ್ಕ ಎದ್ದಳು. ಒಂದು ಕೈಯನ್ನು ಪಕ್ಕಕ್ಕೆ, ಸ್ವಲ್ಪ ಕೆಳಗೆ ಚಾಚಿಕೊಂಡು, ಮಗುವಿನ ಹೆಜ್ಜೆಗೆ ಹೆಜ್ಜೆ ಹೊಂದಿಸುವವರ ಹಾಗೆ ನಿಧಾನವಾಗಿ ನಡೆದು ಬಂದಳು. ಹೊಸ್ತಿಲ ಹತ್ತಿರ ನಿಂತು, "ನೋಡ್ಕೊಂಡು" ಅಂದಳು. ನಾವಿಬ್ಬರೂ ಮಾತಾಡಿಕೊಳ್ಳದೆಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು. ಬಯಲಿಗೆ ಬಂದ ಮೇಲೆ ಅವಳು ಕೈ ಸಡಿಲಿಸಿದಳು. ಸೀರೆಗೆ ಒರೆಸಿಕೊಂಡಳು.

ನಾನು ಇನ್ನೊಮ್ಮೆ ಒಳಗೆ ಕಿವಿಗೊಟ್ಟೆ. ಹೆಂಚು ಟಿಕ್ಕೆಂದಿತು. ಆಮೇಲೆ ಖಾಲಿ. ಬರೀ ಖಾಲಿ, ಯಾವ ಖಾಲಿ ಕೋಣೆಯಲ್ಲೂ ಇರುವಂಥದ್ದು.

"ಯಾರೂ ಇಲ್ಲಕ್ಕಾ" ಎಂದೆ. ಆ ಸಲ ಸ್ವರ ತಗ್ಗಿಸಲಿಲ್ಲ.

ಅಕ್ಕ ತಲೆಯಾಡಿಸಿದಳು. ಚಿಲಕ ಹಾಕಲಿಲ್ಲ. ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆದಿಟ್ಟು ಮನೆಗೆ ನಡೆದಳು.

ಮರುದಿನ ಆಳುಗಳು ಕರಿಹಲಗೆ ಎತ್ತಲು ಹೋದರೆ ಅದು ಹಿಡಿದ ಕೈಯಲ್ಲೇ ಪುಡಿಪುಡಿಯಾಗಿ ಉದುರಿತು. ಗೆದ್ದಲು ಒಳಗೆ ಏನನ್ನೂ ಉಳಿಸಿರಲಿಲ್ಲ. ಬಾಗಿಲು ಮಾತ್ರ ಕಬ್ಬಿಣದ ಹಾಗಿತ್ತು. ಮನೆಗೆ ತರುವುದು ಬೇಡ ಎಂದಳು ಅಕ್ಕ. ಬಡಗಿ ಅದರ ಚಿಲಕ ಕಿತ್ತು, ಕಾಲು ಜೋಡಿಸಿ, ಹೊಸ ಶಾಲೆಯ ಜಗಲಿಗೆ ಒಂದು ಮಂಚದಂಥದ್ದು ಮಾಡಿಕೊಟ್ಟ. ಒಳಮೈಗೆ ಉಳಿ ತಾಗಿಸಬೇಡ, ಅದೇ ಮೇಲೆ ಬರಲಿ ಎಂದು ಅಕ್ಕ ಎದುರಿಗೆ ನಿಂತು ಹೇಳಿ ಮಾಡಿಸಿದಳು. ಮಧ್ಯಾಹ್ನ ಚಿಕ್ಕ ಮಕ್ಕಳು ಅದರ ಮೇಲೆ ಸಾಲಾಗಿ ಮಲಗುತ್ತವೆ. ಟೀಚರಮ್ಮ ಎಬ್ಬಿಸುವುದಿಲ್ಲ.

ಅಕ್ಕ ಆಮೇಲೆ ಹೆಚ್ಚು ದಿನ ಇರಲಿಲ್ಲ. ಇದ್ದಷ್ಟು ದಿನ ಊಟವಾದೊಡನೆ ನಡುಮನೆಯಲ್ಲಿ ಚಾಪೆ ಹಾಸಿ, ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತ ಮಲಗುತ್ತಿದ್ದಳು. ಅಂಥ ಗೊರಕೆಯನ್ನು ನಾನು ಯಾವ ಗಂಡಸಿನ ಬಾಯಲ್ಲೂ ಕೇಳಿಲ್ಲ. ನನ್ನ ಸೊಸೆ ನಗುತ್ತಿದ್ದಳು. ನಾನು ಕೆಲಸ ಬಿಟ್ಟು ಕೇಳುತ್ತ ಕೂರುತ್ತಿದ್ದೆ.

ಈಗ ಶಾಲೆಯಿದ್ದ ಜಾಗದಲ್ಲಿ ಬಯಲು ಬಯಲಿಗೆ ಸೇರಿಕೊಂಡಿದೆ. ನಮ್ಮ ಕಾಳಿನ ಕೋಣೆಗೆ ತಗಡಿನ ಬಾಗಿಲಿದೆ. ಸಂಜೆ ಅದನ್ನು ಹಾಕುವ ಮುಂಚೆ ನಾನು ತಟ್ಟಿ, ಒಮ್ಮೆ ಕೂಗಿ, ಒಂದಿಷ್ಟು ಹೊತ್ತು ನಿಲ್ಲುತ್ತೇನೆ. ಮೊನ್ನೆ ಸೊಸೆ ಕೇಳಿದಳು, "ನಮ್ಮನೇಲಿ ಬೆಕ್ಕೇ ಇಲ್ವಲ್ಲ ಅತ್ತೆ, ಯಾರನ್ನ ಕೂಗ್ತೀರಿ?"

"ಇಲ್ದಿದ್ರೆ ಒಳ್ಳೇದೇ ಆಯ್ತು" ಎಂದೆ. "ಕೂಗಿದರೆ ಗಂಟಲೇನೂ ಸವೆಯಲ್ಲ."